ಎಂ.ಬಿ. ಪಾಟೀಲರಿಗೆ ಬಹಿರಂಗ ಪತ್ರ: ಒಡಂಬಡಿಕೆಗಳಿಗೂ ಒಂದು ಅಳತೆ ಪುಸ್ತಕ ಇಡಿ

ಮಾನ್ಯ ಎಂ.ಬಿ. ಪಾಟೀಲ ಸಾಹೇಬರಿಗೆ,

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯವನೊಬ್ಬನ ನಮಸ್ಕಾರಗಳು. ನಾನು ಸಿವಿಲ್ ಎಂಜಿನಿಯರ್, ಹೊಟ್ಟೆಪಾಡಿಗೆ ಬೆಂಗಳೂರಿನಲ್ಲಿದ್ದೇನೆ. ನೀವೂ ಸಿವಿಲ್ ಓದಿದವರು. ಆ ಸಲುಗೆಯಿಂದಲೇ, ನಿಮ್ಮ ಇಲಾಖೆಯ ಹೂಡಿಕೆ ಒಡಂಬಡಿಕೆಗಳ ಬಗ್ಗೆ ನೇರವಾಗಿ ಬರೆಯುತ್ತಿದ್ದೇನೆ. ನಾನು ಯಾವ ಪಕ್ಷದವನೂ ಅಲ್ಲ. ನಮ್ಮ ಮನೆಯಲ್ಲೇ ಪ್ರತಿ ಚುನಾವಣೆಗೂ ಮೂರು ಥರ ಓಟು ಬೀಳುತ್ತವೆ.

ನೀವು 1991ರಲ್ಲಿ ತಂದೆ ಬಿ.ಎಂ. ಪಾಟೀಲರ ನಂತರ ತಿಕೋಟಾದಿಂದ ವಿಧಾನಸಭೆಗೆ ಹೋದಾಗ ನಿಮಗಿನ್ನೂ ಮೂವತ್ತು ತುಂಬಿರಲಿಲ್ಲ. ಹಾಗಾಗಿ ಸೈಟಿನಲ್ಲಿ ನಿಂತು ಬಿಸಿಲು ಕಾಯುವ ಯೋಗ ನಿಮಗೆ ಜಾಸ್ತಿ ಸಿಗಲಿಲ್ಲ ಅಂದುಕೊಳ್ಳುತ್ತೇನೆ. 1998ರಲ್ಲಿ ಸಂಸದರಾದಿರಿ, ಆಮೇಲೆ ಮತ್ತೆ ಶಾಸಕರು. ಆ ವರ್ಷಗಳಲ್ಲಿ ನೀವು ಓದಿದ್ದು ಎಂಜಿನಿಯರಿಂಗ್ ಅನ್ನೋದು ನಮ್ಮ ಕಡೆ ಯಾರಿಗೂ ಅಷ್ಟಾಗಿ ನೆನಪಿರಲಿಲ್ಲ. ನೆನಪಾಗಿದ್ದು 2013ರಲ್ಲಿ, ನೀವು ಜಲಸಂಪನ್ಮೂಲ ಸಚಿವರಾದಾಗ.

ಆ ಐದು ವರ್ಷ ಏನಾಯಿತು ಅಂತ ದಕ್ಷಿಣದ ಗೆಳೆಯರಿಗೆ ಹೇಳಿದರೆ ಅವರಿಗೆ ಪೂರ್ತಿ ಅರ್ಥವಾಗುವುದಿಲ್ಲ. ಕೃಷ್ಣೆ ಹರಿಯುವುದು ತಗ್ಗಿನಲ್ಲಿ, ನಮ್ಮ ಹೊಲಗಳಿರುವುದು ದಿಬ್ಬದ ಮೇಲೆ. ಆಲಮಟ್ಟಿ ತುಂಬಿ ತುಳುಕಿದರೂ ಬಬಲೇಶ್ವರ, ತಿಕೋಟಾ, ಇಂಡಿ ಕಡೆಗೆ ನೀರು ತಾನಾಗಿ ಬರುವುದಿಲ್ಲ. ನೀರೆತ್ತುವ ಬಾವಿ (ಜಾಕ್‌ವೆಲ್) ಕಟ್ಟಿ, ದೊಡ್ಡ ಪಂಪು ಕೂರಿಸಿ, ಏರು ಕೊಳವೆಯಲ್ಲಿ ಮೇಲಕ್ಕೆತ್ತಿ, ಅಲ್ಲಿಂದ ಕಾಲುವೆಗೆ ಬಿಡಬೇಕು. ಮುಳವಾಡ ಏತ ನೀರಾವರಿ, ತುಬಚಿ-ಬಬಲೇಶ್ವರ ಏತ ನೀರಾವರಿ ಎಲ್ಲ ಇದೇ ಕಥೆ. ಈ ನೀರಿನಿಂದ ಕೆರೆ ತುಂಬಿಸಲು ಶುರು ಮಾಡಿದಿರಿ. ಆದಿಲ್‌ಶಾಹಿ ಕಾಲದ ಮಮದಾಪುರ ಕೆರೆಗೆ ನೀರು ಬಂದ ದಿನ ಜನ ಜಾತ್ರೆಗೆ ಹೋದಂತೆ ಹೋಗಿ ನಿಂತು ನೋಡಿದರು. ಕೆರೆ ತುಂಬಿದ ಮೇಲೆ ಸುತ್ತಲಿನ ಬಾವಿ, ಬೋರ್‌ವೆಲ್‌ಗಳಲ್ಲೂ ನೀರು ಏರಿತು. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುತ್ತ ಕೊಡ ಸಾಲಿಟ್ಟುಕೊಂಡು ಕೂರುತ್ತಿದ್ದ ಓಣಿಗಳನ್ನು ಕಂಡವನಿಗೆ ಇದು ಸಣ್ಣ ಮಾತಲ್ಲ. 2016ರಲ್ಲಿ ಶುರುವಾದ ಕೋಟಿ ವೃಕ್ಷ ಅಭಿಯಾನವನ್ನೂ ಇದರ ಜೊತೆಗೇ ಸೇರಿಸಿ ಹೇಳಬೇಕು. ಹೆಸರಿಗೆ ಮಾತ್ರ ಅರಣ್ಯ ಇದ್ದ ಜಿಲ್ಲೆ ನಮ್ಮದು.

ಇಷ್ಟು ಹೊಗಳಿದ ಮೇಲೆ ಮುಂದಿನದನ್ನೂ ಹೇಳಲು ಬಿಡಿ.

ಕೆರೆಗೆ ನೀರು ಬರುವುದು ಬೇರೆ, ಹೊಲಕ್ಕೆ ನೀರು ಬರುವುದು ಬೇರೆ. ಮುಖ್ಯ ಕಾಲುವೆ ಆದರೆ ವಿತರಣಾ ಕಾಲುವೆ ಬಾಕಿ, ಅದಾದರೆ ಹೊಲಗಾಲುವೆ ಬಾಕಿ. ಎಲ್ಲ ಇದ್ದ ಕಡೆಯೂ ಮೇಲಿನವರು ಕಾಲುವೆಗೇ ಪೈಪು ಇಳಿಬಿಟ್ಟು ಮೋಟಾರಿನಿಂದ ಎತ್ತಿಕೊಂಡರೆ ಕೊನೆಯವರಿಗೆ ಬರೀ ಸಿಮೆಂಟಿನ ಕಾಲುವೆ. ನಮ್ಮ ಹೊಲವೂ ಅಂಥ ಕಡೆಯೇ ಇದೆ. ಟೇಲ್ ಎಂಡ್ ಅಂದರೆ ಏನು ಅಂತ ನನಗೆ ಕಾಲೇಜಿಗೆ ಹೋಗುವ ಮೊದಲೇ ಗೊತ್ತಿತ್ತು.

ಇದರಲ್ಲಿ ನಿಮ್ಮ ಕೈಮೀರಿದ್ದೂ ಇದೆ ಅನ್ನುವುದು ಗೊತ್ತು. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲುವುದು 519.60 ಮೀಟರ್‌ವರೆಗೆ, ಅಂದರೆ ಸುಮಾರು 123 ಟಿಎಂಸಿ. 524.256 ಮೀಟರ್‌ಗೆ ಏರಿಸಲು ಕೃಷ್ಣಾ ನೀರು ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲೇ ಒಪ್ಪಿತು. ಅಂತಿಮ ವರದಿ ಬಂದ 2013ರ ನವೆಂಬರ್‌ನಲ್ಲಿ ಆ ಖಾತೆಯ ಸಚಿವರು ನೀವೇ. ಆದರೆ ಸುಪ್ರೀಂ ಕೋರ್ಟಿನ ವ್ಯಾಜ್ಯದಲ್ಲಿ ಗೆಜೆಟ್ ಅಧಿಸೂಚನೆ ಸಿಕ್ಕಿಬಿದ್ದಿತು. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ ಹಂಚಿಕೆಯಾದ 130 ಟಿಎಂಸಿ ಕಾಗದದ ಮೇಲೆ ಉಳಿಯಿತು. 2025ರ ಸೆಪ್ಟೆಂಬರ್‌ನಲ್ಲಿ ನಿಮ್ಮ ಸಚಿವ ಸಂಪುಟ ಮುಳುಗಡೆ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ ರೂಪಾಯಿ ಅಂತ ನಿಗದಿ ಮಾಡಿತು. ಒಳ್ಳೆಯದೇ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲಿಟ್ಟರು. ಅವತ್ತು ಹುಟ್ಟಿದ ಕೂಸುಗಳಿಗೆ ಈಗ ಮೊಮ್ಮಕ್ಕಳು.

ವಿಶ್ವೇಶ್ವರಯ್ಯನವರ ಹೆಸರು ಎತ್ತಬಾರದು ಅಂದುಕೊಂಡೇ ಈ ಪತ್ರಕ್ಕೆ ಕೂತಿದ್ದೆ. ರಾಜಕಾರಣಕ್ಕೆ ಬಂದ ಪ್ರತಿ ಎಂಜಿನಿಯರಿಗೂ ಅವರನ್ನು ತೋರಿಸಿ ಹೆದರಿಸುವುದು ನಮ್ಮಲ್ಲಿ ಚಟವಾಗಿಬಿಟ್ಟಿದೆ. ಆದರೆ ಒಂದು ವಿಷಯಕ್ಕಾಗಿ ಎತ್ತಲೇಬೇಕು. ಅವರು ಮುಂಬೈ ಪ್ರಾಂತ್ಯದಲ್ಲಿದ್ದಾಗ ನೀರಾ ಕಾಲುವೆಯಲ್ಲಿ ಬ್ಲಾಕ್ ಪದ್ಧತಿ ತಂದರು. ಮೇಲಿನವರೇ ಎಲ್ಲ ನೀರು ಕುಡಿಯದಂತೆ ಜಮೀನನ್ನು ಬ್ಲಾಕುಗಳಾಗಿ ಮಾಡಿ, ಬೆಳೆ ಸರದಿ ಹಾಕಿ, ಇಷ್ಟು ನೀರು ಇವರಿಗೆ ಅಂತ ಕಟ್ಟುಪಾಡು ಮಾಡಿದರು. ಆ ನೀರಾ ಸೇರುವುದು ಭೀಮೆಗೆ, ಭೀಮೆ ಹರಿಯುವುದು ನಮ್ಮ ಇಂಡಿ, ಸಿಂದಗಿ ಪಕ್ಕದಲ್ಲೇ. ನೂರಿಪ್ಪತ್ತು ವರ್ಷದ ಹಿಂದೆ ನದಿಯ ಮೇಲ್ಗಡೆ ಆದದ್ದು ಕೆಳಗೆ ನಮ್ಮಲ್ಲಿ ಇನ್ನೂ ಆಗಿಲ್ಲ. ನೀವು ನಾರಾಯಣಪುರ ಎಡದಂಡೆ ಕಾಲುವೆಗೆ ಸ್ವಯಂಚಾಲಿತ ಗೇಟ್ ಹಾಕಿಸಿದಾಗ ಇದೇ ದಾರಿಯಲ್ಲಿದ್ದೀರಿ ಅನಿಸಿತ್ತು. ಗೇಟಿಗೆ ಮೇಲಿನವರು, ಕೆಳಗಿನವರು ಅನ್ನುವ ಭೇದ ಇಲ್ಲ, ಅಲ್ವಾ?

ಈಗ ನಿಮ್ಮ ಇವತ್ತಿನ ಖಾತೆಗೆ ಬರುತ್ತೇನೆ. ಪತ್ರ ಬರೆಯಲು ಕಾರಣವೇ ಅದು.

2023ರ ಮೇನಲ್ಲಿ ನೀವು ಬೃಹತ್ ಮತ್ತು ಮಧ್ಯಮ ಕೈಗಾರಿಕಾ ಸಚಿವರಾದಿರಿ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಇನ್ವೆಸ್ಟ್ ಕರ್ನಾಟಕ ಹೂಡಿಕೆದಾರರ ಸಮಾವೇಶ ನಡೆಯಿತು. ಮುಗಿದ ದಿನ 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆ, ಸುಮಾರು 6 ಲಕ್ಷ ಉದ್ಯೋಗ ಅಂತ ಘೋಷಣೆಯಾಯಿತು. ದೊಡ್ಡ ಪಾಲು ಬೆಂಗಳೂರಿನ ಆಚೆಗೆ ಅಂದಿರಿ. ಅದೇ ವೇಳೆ ಬಂದ ಕೈಗಾರಿಕಾ ನೀತಿಯಲ್ಲಿ ಐದು ವರ್ಷಕ್ಕೆ 20 ಲಕ್ಷ ಉದ್ಯೋಗದ ಗುರಿ ಇದೆ. ಓದಿ ಖುಷಿಯಾಯಿತು. ಆಮೇಲೆ ಕಸುಬಿನ ಬುದ್ಧಿ ಕೇಳಿತು: ಇದರ ಎಂಬಿ ಯಾರು ಬರೆಯುತ್ತಾರೆ?

ಓದುಗರಲ್ಲಿ ಎಂಜಿನಿಯರ್ ಅಲ್ಲದವರಿಗೆ ಸ್ವಲ್ಪ ಹೇಳಬೇಕು. ಯಾವುದೇ ಸರ್ಕಾರಿ ಕಾಮಗಾರಿಗೆ ಎಂಬಿ, ಅಂದರೆ ಮೆಜರ್‌ಮೆಂಟ್ ಬುಕ್ ಅನ್ನುವ ಅಳತೆ ಪುಸ್ತಕ ಇರುತ್ತದೆ. ಪುಟಗಳಿಗೆ ಮೊದಲೇ ನಂಬರ್ ಹಾಕಿರುತ್ತದೆ, ಹರಿಯುವಂತಿಲ್ಲ. ಗುತ್ತಿಗೆದಾರ ನೂರು ಮೀಟರ್ ಕಾಲುವೆ ಲೈನಿಂಗ್ ಮಾಡಿದೆ ಅಂದರೆ ಸಾಲದು. ಜೂನಿಯರ್ ಎಂಜಿನಿಯರ್ ಟೇಪು ಹಿಡಿದು ಹೋಗಿ ಉದ್ದ, ಅಗಲ, ದಪ್ಪ ಅಳೆದು ಬರೆಯಬೇಕು. ತಪ್ಪಾದರೆ ಅಳಿಸುವಂತಿಲ್ಲ, ಗೀರು ಹೊಡೆದು ಪಕ್ಕದಲ್ಲಿ ಸಹಿ ಹಾಕಬೇಕು. ಅವರ ಮೇಲಿನ ಎಂಜಿನಿಯರ್ (ಎಇಇ) ಬಂದು ಮತ್ತೆ ಅಳೆದು ತಾಳೆ ನೋಡುತ್ತಾರೆ. ಆಮೇಲೇ ಬಿಲ್ಲು. ಇದರಲ್ಲೂ ಕಳ್ಳತನ ನಡೆಯುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ನಡೆದಾಗ ಸಿಕ್ಕಿಬೀಳುವುದೂ ಇದೇ ಪುಸ್ತಕದಿಂದ.

10.27 ಲಕ್ಷ ಕೋಟಿಗೆ ಇಂಥದ್ದೊಂದು ಪುಸ್ತಕ ಇದೆಯಾ ಸಾಹೇಬರೇ? ಹೂಡಿಕೆ ಮಾಡುತ್ತೇವೆ ಅನ್ನುವ ಒಡಂಬಡಿಕೆ (ಎಂಒಯು) ಅಂದರೆ ಅಂದಾಜುಪಟ್ಟಿ ಇದ್ದ ಹಾಗೆ. ಅಂದಾಜುಪಟ್ಟಿ ತೋರಿಸಿ ಯಾರೂ ಬಿಲ್ಲು ಕೇಳುವುದಿಲ್ಲ. ಯಾವ ಕಂಪನಿಗೆ ಎಲ್ಲಿ ಜಾಗ ಕೊಟ್ಟಿರಿ, ಕರೆಂಟು ಮತ್ತು ನೀರಿನ ಸಂಪರ್ಕ ಯಾವಾಗ ಆಯಿತು, ಪಾಯ ಬಿತ್ತಾ, ಉತ್ಪಾದನೆ ಶುರುವಾಯಿತಾ, ಎಷ್ಟು ಜನರಿಗೆ ಪಿಎಫ್ ಕಟ್ಟುತ್ತಿದ್ದಾರೆ, ಅದರಲ್ಲಿ ನಮ್ಮ ಜಿಲ್ಲೆಗಳವರು ಎಷ್ಟು. ನನ್ನ ಕೇಳಿಕೆ ಇಷ್ಟೇ. ಪಿಎಫ್ ಅಂತ ಬೇಕೆಂದೇ ಹೇಳಿದೆ. ‘ನೇರ ಮತ್ತು ಪರೋಕ್ಷ ಉದ್ಯೋಗ’ ಅನ್ನುವ ಲೆಕ್ಕದಲ್ಲಿ ಗೇಟಿನ ಹೊರಗೆ ಚಹಾ ಮಾರುವವನೂ ಸೇರುತ್ತಾನೆ. ಇನ್ನೊಂದು ಮಾತು. ಒಡಂಬಡಿಕೆಗಳಲ್ಲಿ ದೊಡ್ಡ ಪಾಲು ಸೋಲಾರ್, ಗಾಳಿ ವಿದ್ಯುತ್ತಿನದು. ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಸೋಲಾರ್ ಪಾರ್ಕು ಕಟ್ಟುವಾಗ ಜನ ಬೇಕು, ಕಟ್ಟಿದ ಮೇಲೆ ಪ್ಯಾನೆಲ್ ತೊಳೆಯುವವರು ಮತ್ತು ವಾಚ್‌ಮನ್ ಸಾಕು. ಸಾವಿರ ಕೋಟಿಗೆ ಎಷ್ಟು ಕೆಲಸ ಅನ್ನುವ ಅಂಕಣ ಪುಸ್ತಕದಲ್ಲಿದ್ದರೆ ಯಾವ ಕೋಟಿ ಎಂಥ ಕೋಟಿ ಅನ್ನುವುದು ಕಾಣುತ್ತದೆ.

ಜಾಗದ ವಿಷಯಕ್ಕೆ ಬಂದರೆ ದೇವನಹಳ್ಳಿ. ವಿಮಾನ ಉದ್ಯಮದ ಪಾರ್ಕಿಗೆಂದು ಗುರುತಿಸಿದ್ದ, ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ. ಇದಕ್ಕೆ ಕೈಹಾಕಿದ್ದು ನಿಮಗಿಂತ ಹಿಂದಿನ ಸರ್ಕಾರ, ನಿಜ. ಆದರೆ ನೀವೂ ಬಿಡಲಿಲ್ಲ. ರೈತರು ಮೂರು ವರ್ಷ ದಾಟಿ ಧರಣಿ ಕೂತ ಮೇಲೆ, 2025ರ ಜುಲೈ 15ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೈಬಿಟ್ಟೆವು ಅಂದರು. ಕೂಡಲೇ ಆಂಧ್ರದ ಸಚಿವ ನಾರಾ ಲೋಕೇಶ್ ನಮ್ಮಲ್ಲಿಗೆ ಬನ್ನಿ ಅಂತ ವಿಮಾನ ಉದ್ಯಮದ ಕಂಪನಿಗಳನ್ನು ಕರೆದರು. ನಿಮಗೆ ಬೇಸರವಾಗಿರಬಹುದು. ಆದರೆ ನಮ್ಮ ಜಿಲ್ಲೆಯವರಿಗೆ ಜಮೀನು ಹೋಗುವುದು ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿಯ ಮುಳುಗಡೆಯವರು ಪುನರ್ವಸತಿ ಕೇಂದ್ರಗಳಲ್ಲಿ ಇಂದಿಗೂ ಹಳೆಯ ಊರಿನ ಹೆಸರಲ್ಲೇ ಮಾತಾಡುತ್ತಾರೆ. ಆದ್ದರಿಂದ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಈಗಾಗಲೇ ವಶಪಡಿಸಿಕೊಂಡ ಜಮೀನಿನಲ್ಲಿ ಎಷ್ಟು ಎಕರೆಯಲ್ಲಿ ಕಾರ್ಖಾನೆ ನಿಂತಿದೆ, ಎಷ್ಟು ಎಕರೆಯಲ್ಲಿ ಜಾಲಿ ಬೆಳೆದಿದೆ, ಅದನ್ನೂ ಅದೇ ಪುಸ್ತಕದಲ್ಲಿ ಬರೆಸಿ. ಹೊಸ ಎಕರೆ ಕೇಳುವ ಮೊದಲು ಈ ಪುಟ ತೋರಿಸಿದರೆ ರೈತ ಕೂಡ ಕೂತು ಮಾತಾಡಬಹುದು.

ಸಾಬೂನಿನ ಬಗ್ಗೆ ಒಂದೇ ಸಾಲು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಶುರುವಾದ ಮೈಸೂರು ಸ್ಯಾಂಡಲ್ ಸಾಬೂನು ಕಾರ್ಖಾನೆ ಈಗ ನಿಮ್ಮ ಇಲಾಖೆಯಲ್ಲಿದೆ, ಲಾಭದಲ್ಲೂ ಇದೆ. 6.2 ಕೋಟಿ ಕೊಟ್ಟು ನಟಿ ತಮನ್ನಾ ಅವರನ್ನು ರಾಯಭಾರಿ ಮಾಡಿದ್ದಕ್ಕೆ ಜನ ಜಗಳ ತೆಗೆದರು. ನನಗೆ ಅದರಲ್ಲಿ ಆಸಕ್ತಿ ಇಲ್ಲ. ಮಾರಾಟ ಏರಿದರೆ ಆ ದುಡ್ಡು ಸಾರ್ಥಕ, ಏರದಿದ್ದರೆ ದಂಡ. ಅದನ್ನೂ ಅಳೆದು ಹೇಳಬಹುದು.

ಕೊನೆಗೆ ನಿಮ್ಮದೇ ಕ್ಷೇತ್ರದ ದ್ರಾಕ್ಷಿ. ನೀರು ಬಂದದ್ದಕ್ಕೆ ತೋಟ ಬಂತು. ತೋಟ ಬಂದದ್ದಕ್ಕೆ ಒಣದ್ರಾಕ್ಷಿ ಶೆಡ್ ಬಂದವು. ಫೆಬ್ರುವರಿ, ಮಾರ್ಚಿನಲ್ಲಿ ಬಂದು ನೋಡಿ. ಗೊನೆ ಕತ್ತರಿಸಿ, ಡಿಪ್ಪಿಂಗ್ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರವುತ್ತಾರೆ. ಎರಡು ಮೂರು ವಾರ ಆಕಾಶ ನೋಡುತ್ತ ಕೂರಬೇಕು. ಅಕಾಲಿಕ ಮಳೆ ಬಿದ್ದರೆ ಬಣ್ಣ ಕಪ್ಪಾಗುತ್ತದೆ, ಬೆಲೆ ಅರ್ಧಕ್ಕೆ ಬೀಳುತ್ತದೆ. ಒಣಗಿದ್ದನ್ನು ಹೆಣ್ಣುಮಕ್ಕಳು ಕೂತು ಕಡ್ಡಿ ತೆಗೆದು ಸ್ವಚ್ಛ ಮಾಡುತ್ತಾರೆ. ಆಮೇಲೆ ಪೆಟ್ಟಿಗೆ ತುಂಬಿ ಲಾರಿಗೆ ಏರಿಸಿದರೆ ಬಹಳಷ್ಟು ಮಾಲು ಹೋಗುವುದು ಮಹಾರಾಷ್ಟ್ರದ ತಾಸಗಾಂವ್, ಸಾಂಗ್ಲಿಗೆ. ಬೆಳೆ ನಮ್ಮದು, ಬಿಸಿಲು ನಮ್ಮದು. ಗ್ರೇಡಿಂಗ್, ಕೋಲ್ಡ್ ಸ್ಟೋರೇಜ್, ಬ್ರ್ಯಾಂಡು, ಖರೀದಿ-ಮಾರಾಟ ಬಹುಪಾಲು ಗಡಿಯಾಚೆ. ಇಂಡಿ ಲಿಂಬೆಗೆ ಜಿಐ ಟ್ಯಾಗ್ ಬಂತು. ಲಿಂಬೆ ಮಾತ್ರ ಇನ್ನೂ ಚೀಲದಲ್ಲೇ ಹೋಗುತ್ತಿದೆ.

ನನ್ನ ಕಾಕಾನ ಮಗ ಒಣದ್ರಾಕ್ಷಿ ಗ್ರೇಡಿಂಗ್ ಯಂತ್ರ ಹಾಕಲು ಹೊರಟಿದ್ದ. ಒಂದು ಕಚೇರಿಯಲ್ಲಿ ಜಮೀನು ಎನ್‌ಎ (ಕೃಷಿಯೇತರ) ಆಗಲಿ ಅಂದರು, ಇನ್ನೊಂದರಲ್ಲಿ ಮೊದಲು ಕರೆಂಟಿನ ಪತ್ರ ತನ್ನಿ ಅಂದರು, ಕರೆಂಟಿನವರು ಎನ್‌ಎ ಕಾಗದ ಕೇಳಿದರು. ಕಡೆಗೆ ಅವನು ಯಂತ್ರದ ಆಸೆ ಬಿಟ್ಟು ಮಾಲನ್ನು ತಾಸಗಾಂವ್‌ಗೇ ಕಳಿಸಿದ. ನೀವು 2025ರ ಫೆಬ್ರುವರಿಯಲ್ಲಿ ಎಐ ಆಧಾರಿತ ಏಕಗವಾಕ್ಷಿ ಪೋರ್ಟಲ್ ಬಿಡುಗಡೆ ಮಾಡಿಸಿದಿರಿ. ಅದರಲ್ಲಿ ಸಾವಿರ ಕೋಟಿಯವನ ಅರ್ಜಿ ಓಡುವ ವೇಗದಲ್ಲಿ ಮೂವತ್ತು ಲಕ್ಷದವನ ಅರ್ಜಿಯೂ ಓಡಬೇಕು. ಸಣ್ಣ ಕೈಗಾರಿಕೆ ಬೇರೆ ಸಚಿವರ ಬಳಿ ಇದೆ ಅಂತ ಗೊತ್ತು. ಆದರೆ ಬಬಲೇಶ್ವರದ ಶಾಸಕರು ನೀವೇ ತಾನೆ? ಇಬ್ಬರೂ ಒಂದೇ ಸಂಪುಟದಲ್ಲಿದ್ದೀರಿ, ಮಧ್ಯೆ ಒಂದು ಫೋನು ಸಾಕು.

ಹಾಗಾಗಿ ಕೇಳುವುದು ಇಷ್ಟು. ಮುಂದಿನ ಬೆಳಗಾವಿ ಅಧಿವೇಶನದಲ್ಲಿ ಒಡಂಬಡಿಕೆಗಳ ಆ ಅಳತೆ ಪುಸ್ತಕವನ್ನು ಸದನದ ಮುಂದಿಡಿ. ಒಡಂಬಡಿಕೆಗೊಂದು ಸಾಲು, ಸಾಲಿನ ಕೊನೆಯಲ್ಲಿ ಅಳೆದವರ ಹೆಸರು, ಅಳೆದ ತಾರೀಖು. ರದ್ದಾದದ್ದನ್ನೂ ಬಿಡಬೇಡಿ, ಗೀರು ಹೊಡೆದು ಪಕ್ಕದಲ್ಲಿ ಸಹಿ ಹಾಕಿ. ಮೂರು ತಿಂಗಳಿಗೊಮ್ಮೆ ಇಲಾಖೆಯ ವೆಬ್‌ಸೈಟಿಗೂ ಹಾಕಿಸಿ. ಹಾಕುವಾಗ ದಯವಿಟ್ಟು ಸ್ಕ್ಯಾನ್ ಮಾಡಿದ ಪಿಡಿಎಫ್ ಬೇಡ, ಎಕ್ಸೆಲ್ ಹಾಕಿಸಿ. ಕೂಡಿ, ಕಳೆದು ನೋಡಲು ನಮ್ಮಂಥವರು ಇದ್ದೇವೆ.

ಇಂತಿ ನಿಮ್ಮ,
ತಿಕೋಟಾ ಕಡೆಯ ಒಬ್ಬ ಸಿವಿಲ್ ಎಂಜಿನಿಯರ್