ಕೇಳಿ ಬಿಡುವವರು, ಕೇಳದೆ ಬಿಡುವವರು

ಚಿ. ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಹೋದ ಪ್ರವಾಸದಲ್ಲಿ ಸಮುದ್ರದಾಳಕ್ಕೆ ನಿನ್ನ ಇನ್ನೂರನೇ ಡೈವ್ ಮುಗಿಸಿದೆ ಎಂದು ಓದಿ ಮನಸ್ಸು ತುಂಬಿತು. ಮೊದಲ ದಿನ ಮಾಸ್ಕಿನೊಳಗೆ ನೀರು ನುಗ್ಗಿದಾಗ ಗಾಬರಿಯಾಗಿ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದವಳು ನೀನೇನಾ ಅನ್ನಿಸಿತು. ಆದರೆ ಮುಂದಿನ ಪ್ರವಾಸಕ್ಕೆ ನೀನು ನೋಡಿಟ್ಟಿರುವ ಡೈವ್ ಆಪರೇಟರ್, ಅಂದರೆ ದೋಣಿ, ಗೈಡ್, ಸಿಲಿಂಡರ್ ಒದಗಿಸಿ ಡೈವಿಗೆ ಕರೆದೊಯ್ಯುವವರ ಬಗ್ಗೆ ಬರೆದ ಒಂದು ಸಾಲು ಅವತ್ತಿನಿಂದ ತಲೆ ಕೊರೆಯುತ್ತಿದೆ. “ಇವರು ಅನುಭವ ಇರುವವರಿಗೆ ಯಾವ ತಕರಾರೂ ಮಾಡಲ್ಲ ಮಾವ, ಏನೂ ಕೇಳಲ್ಲ, ನಮ್ಮ ಪಾಡಿಗೆ ನಮ್ಮನ್ನು ಬಿಟ್ಟುಬಿಡ್ತಾರೆ” ಅಂತ ಬರೆದಿದ್ದೀಯ. ನೀನು ಅದನ್ನು ಅವರ ಹೆಗ್ಗಳಿಕೆ ಎಂದು ಬರೆದೆ. ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿ.

ನಿನ್ನ ಬೇಸರ ನನಗೆ ಗೊತ್ತಿಲ್ಲದ್ದೇನಲ್ಲ. ನಿನ್ನೆ ಮೊನ್ನೆ ಕಲಿತವರ ಜೊತೆ ಹತ್ತು ಜನರ ಗುಂಪಿನಲ್ಲಿ ಸೇರಿಸುತ್ತಾರೆ. ಯಾರೋ ಒಬ್ಬರ ಗಾಳಿ ಮುಗಿಯಿತೆಂದು ನಿನ್ನ ಸಿಲಿಂಡರಿನಲ್ಲಿ 120 ಬಾರ್ ಒತ್ತಡದ ಗಾಳಿ, ಅರ್ಧಕ್ಕಿಂತ ಹೆಚ್ಚು, ಇನ್ನೂ ಇದ್ದರೂ ಮೇಲಕ್ಕೆ ಕರೆದೊಯ್ಯುತ್ತಾರೆ. ಆಳ, ಸಮಯ ಲೆಕ್ಕ ಹಾಕುವ ನಿನ್ನದೇ ಡೈವ್ ಕಂಪ್ಯೂಟರ್ ಕೈಯಲ್ಲಿದ್ದರೂ ನಲವತ್ತು ನಿಮಿಷಕ್ಕೆ ಗಂಟೆ ಬಾರಿಸಿದ ಹಾಗೆ ಡೈವ್ ಮುಗಿಸುತ್ತಾರೆ. ಇದೆಲ್ಲ ಅನುಭವಸ್ಥರ ನ್ಯಾಯವಾದ ದೂರುಗಳೇ. ಒಳ್ಳೆಯ ಆಪರೇಟರ್ ಅನುಭವ ನೋಡಿ ಗುಂಪು ಮಾಡಬೇಕು, ಒಬ್ಬ ಗೈಡ್ ಜೊತೆ ನಾಲ್ಕೈದು ಜನಕ್ಕಿಂತ ಹೆಚ್ಚು ಕಳಿಸಬಾರದು, ಅರ್ಹರಾದ ‘ಬಡ್ಡಿ’ ಜೋಡಿಯನ್ನು, ಅಂದರೆ ಒಬ್ಬರನ್ನೊಬ್ಬರು ನೋಡಿಕೊಂಡು ಇಳಿಯುವ ಇಬ್ಬರು ಜೊತೆಗಾರರನ್ನು, ತಮ್ಮಷ್ಟಕ್ಕೆ ಹೋಗಲು ಬಿಡಬೇಕು. ನೀನು ಇದನ್ನು ಬಯಸುವುದರಲ್ಲಿ ತಪ್ಪಿಲ್ಲ.

ಆದರೆ ಕೇಳಿ ತಿಳಿದು ಬಿಡುವುದು ಒಂದು, ಕೇಳದೆ ಬಿಡುವುದು ಇನ್ನೊಂದು. ನೀರಿಗಿಳಿಯುವ ತನಕ ಎರಡೂ ಒಂದೇ ಥರ ಕಾಣುತ್ತವೆ.

ನನಗೆ ಇದು ಅರ್ಥವಾದ ದಿನದ ಕತೆ ನಿನಗೆ ಯಾವತ್ತೂ ಪೂರ್ತಿ ಹೇಳಿಲ್ಲ. ಆಗ ನನ್ನ ಲಾಗ್‌ಬುಕ್ಕಿನಲ್ಲಿ ಮುನ್ನೂರಕ್ಕೂ ಹೆಚ್ಚು ಡೈವ್ ಇದ್ದವು. ದೋಣಿಯವರು ನನ್ನ ಡೈವಿಂಗ್ ಅರ್ಹತೆಯ ಕಾರ್ಡ್ ನೋಡಿದರು, ನಕ್ಕರು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾನು ದೋಣಿಯ ಅಂಚಿಗೆ ಬಂದು ನಿಂತಾಗ ಒಬ್ಬ ಹುಡುಗ ಹಿಂದಿನಿಂದ ಕೈ ಹಾಕಿ ಸಿಲಿಂಡರಿನ ವಾಲ್ವ್ ತಿರುಗಿಸಿ, ಆಯಿತು ಎಂದು ಬೆನ್ನು ತಟ್ಟಿದ. ನಾನು ಆಗಲೇ ಪೂರ್ತಿ ತೆರೆದಿದ್ದ ವಾಲ್ವನ್ನು ಅವನು ತೆರೆಯುತ್ತಿದ್ದೇನೆಂದುಕೊಂಡು ಪೂರ್ತಿ ಮುಚ್ಚಿ, ಹಳೆಯ ರೂಢಿಯಂತೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿದ್ದ. ಅಂದರೆ ಕಾಲು ಸುತ್ತು ಮಾತ್ರ ತೆರೆದಿತ್ತು. ಮೇಲೆ ಎರಡು ಉಸಿರು ಎಳೆದೆ, ಸರಾಗವಾಗಿ ಬಂತು. ಗಾಳಿಯ ಒತ್ತಡದ ಗೇಜು 200 ಬಾರ್, ಅಂದರೆ ತುಂಬಿದೆ ಎಂದು ತೋರಿಸುತ್ತಿತ್ತು. ಇಳಿದೆ.

ಇಪ್ಪತ್ತು ಮೀಟರಿನಲ್ಲಿ ಒತ್ತಡ ಮೇಲಿನದ್ದಕ್ಕಿಂತ ಮೂರು ಪಟ್ಟು. ಪ್ರತಿ ಉಸಿರಿಗೂ ಮೂರು ಪಟ್ಟು ಗಾಳಿ ಬೇಕು. ಅಷ್ಟು ಗಾಳಿ ಆ ಸಣ್ಣ ಸಂದಿಯಲ್ಲಿ ನುಸುಳಲಾರದು. ಉಸಿರು ಬಿಗಿಯಾಯಿತು. ಗೇಜು ನೋಡಿದರೆ, ಉಸಿರು ಎಳೆದಾಗ ಮುಳ್ಳು 170ರಿಂದ 60ಕ್ಕೆ ಕುಸಿಯುತ್ತದೆ, ಬಿಟ್ಟಾಗ ನಿಧಾನವಾಗಿ ಏರುತ್ತದೆ. ಮತ್ತೆ ಎಳೆದರೆ ಮತ್ತೆ ಕುಸಿಯುತ್ತದೆ. ಆ ಮುಳ್ಳು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ಬಡ್ಡಿ ಒಂದು ಕೈ ದೂರದಲ್ಲೇ ಇದ್ದರು. ಸನ್ನೆ ಮಾಡಿದೆ, ಅವರು ತಮ್ಮ ಆಕ್ಟೋಪಸ್, ಅಂದರೆ ಉಸಿರಾಡಲು ಇಟ್ಟುಕೊಂಡ ಹೆಚ್ಚುವರಿ ಬಾಯಿತುಂಡನ್ನು ಕೊಟ್ಟು, ಹಿಂದೆ ಕೈ ಹಾಕಿ ವಾಲ್ವ್ ತೆರೆದರು. ಅಷ್ಟಕ್ಕೆ ಮುಗಿಯಿತು.

ಮುಗಿಯದೇ ಉಳಿದದ್ದು ಆಮೇಲಿನ ಮಾತು. ದೋಣಿಗೆ ಬಂದು ನಡೆದದ್ದನ್ನು ಹೇಳಿದಾಗ ಅದರ ಮಾಲೀಕರು ಅಂದರು: “ನಿಮ್ಮಂಥ ಅನುಭವಸ್ಥರು ಇದನ್ನೆಲ್ಲ ನೋಡಿಕೊಳ್ಳುತ್ತೀರಿ ಅಂತ ತಾನೇ ನಾವು ಧೈರ್ಯವಾಗಿರುವುದು?” ನನ್ನ ಅನುಭವವನ್ನು ಅವರು ಗೌರವಿಸಿರಲಿಲ್ಲ ಪುಟ್ಟಿ, ತಮ್ಮ ಕೆಲಸವನ್ನು ಅದರ ಹೆಗಲಿಗೆ ಹೊರಿಸಿದ್ದರು. ಹುಡುಗನನ್ನು ಕರೆದು ಮಾತಾಡಲಿಲ್ಲ, ಎಲ್ಲೂ ಬರೆದಿಡಲಿಲ್ಲ. ಮರುದಿನವೂ ಅದೇ ಹುಡುಗ ಎಲ್ಲರ ಬೆನ್ನ ಹಿಂದೆ ಕೈ ಹಾಕುತ್ತಿದ್ದ. ನಾನು ಲೆಕ್ಕ ಮುಗಿಸಿ ಹೊರಟುಬಂದೆ.

ಅಂದಿನಿಂದ ನೀರಿಗಿಳಿಯುವ ಮುಂಚೆ ಗೇಜಿನ ಮೇಲೆ ಕಣ್ಣಿಟ್ಟು ನಾಲ್ಕು ದೀರ್ಘ ಉಸಿರು ಎಳೆಯುತ್ತೇನೆ. ಮುಳ್ಳು ಒಂದು ಕೂದಲೆಳೆ ಅಲುಗಿದರೂ ಇಳಿಯುವುದಿಲ್ಲ. ವಾಲ್ವ್ ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಹೊಸ ಜಾಗದಲ್ಲಿ ಇನ್ನೊಂದನ್ನೂ ಗಮನಿಸುತ್ತೇನೆ. ನನ್ನ ಸಲಕರಣೆ ಮುಟ್ಟುವ ಮೊದಲು ದೋಣಿಯವರು ನನ್ನನ್ನು ಕೇಳುತ್ತಾರೋ ಇಲ್ಲವೋ ಅನ್ನುವುದು. ನೀನೂ ಗಮನಿಸು.

ಹಾಗಾದರೆ ಒಳ್ಳೆಯವರು ಏನು ಕೇಳುತ್ತಾರೆ? ಒಟ್ಟು ಎಷ್ಟು ಡೈವ್ ಅನ್ನುವುದಕ್ಕಿಂತ ಕೊನೆಯ ಡೈವ್ ಯಾವಾಗ ಅಂತ ಕೇಳುತ್ತಾರೆ. ಒಂದು ವರ್ಷ ನೀರು ಮುಟ್ಟದ ಐನೂರು ಡೈವಿನವರಿಗಿಂತ ಹೋದ ವಾರ ಇಳಿದ ಐವತ್ತು ಡೈವಿನವರು ನೀರಿನಲ್ಲಿ ಹೆಚ್ಚು ಹದವಾಗಿರಬಹುದು. ನೀರಿನ ಸೆಳೆತ ಇರುವಲ್ಲಿ ಇಳಿದಿದ್ದೀರಾ, ಒಳಗೆ ನೀರು ಬಿಡದ ಡ್ರೈಸೂಟಿನಲ್ಲೋ ನೀರು ಬಿಡುವ ವೆಟ್‌ಸೂಟಿನಲ್ಲೋ, ನಾವೆಲ್ಲಿದ್ದೇವೆಂದು ದೋಣಿಗೆ ತೋರಿಸುವ ಗಾಳಿ ತುಂಬಿದ ಮೇಲ್ಮೈ ಬೋಯಾವನ್ನು ನೀರಿನೊಳಗಿಂದಲೇ ಹಾರಿಸಿ ಅಭ್ಯಾಸ ಇದೆಯಾ, ಯಾವುದಾದರೂ ಔಷಧಿ ನಡೆಯುತ್ತಿದೆಯಾ ಎಂದೆಲ್ಲ ವಿಚಾರಿಸುತ್ತಾರೆ. ಮೊದಲ ದಿನ ಸುಲಭದ ಜಾಗದಲ್ಲಿ ಕೌಶಲ ನೋಡಲು ಒಂದು ಚೆಕ್ ಡೈವ್ ಮಾಡಿಸುತ್ತಾರೆ. ಅದನ್ನು ಅವಮಾನ ಅಂದುಕೊಳ್ಳಬೇಡ. ನಾನು ತುಂಬ ಮೆಚ್ಚಿದ ಒಬ್ಬ ಗೈಡ್ ಮೊದಲ ದಿನ ಹನ್ನೆರಡು ಮೀಟರಿನಲ್ಲಿ ನನ್ನ ತೂಕದ ಹದವನ್ನೂ ಮೇಲೇರುವ ಮುಂಚೆ ಸ್ವಲ್ಪ ಆಳದಲ್ಲಿ ತಡೆದು ನಿಲ್ಲುವ ಸೇಫ್ಟಿ ಸ್ಟಾಪಿನಲ್ಲಿ ನಾನು ನಿಲ್ಲುವ ರೀತಿಯನ್ನೂ ನೋಡಿದರು. ಮರುದಿನ ಬೆಳಗ್ಗೆ ತಾವಾಗಿಯೇ ಬಂದು, “ನೀವಿಬ್ಬರೂ ಬೇಕಾದರೆ ನಿಮ್ಮಷ್ಟಕ್ಕೆ ಹೋಗಿ. 60 ನಿಮಿಷ, 50 ಬಾರ್ ಇರುವಾಗ ಮೇಲೆ, ಬೋಯಾ ಹಾರಿಸಿ ಬನ್ನಿ” ಅಂದರು. ಆ ಸ್ವಾತಂತ್ರ್ಯದ ರುಚಿಯೇ ಬೇರೆ. ಅದರಲ್ಲಿ ನಾವು ಎಲ್ಲಿದ್ದೇವೆ ಅನ್ನುವುದು ದೋಣಿಯಲ್ಲಿದ್ದವರಿಗೆ ಗೊತ್ತಿತ್ತು.

ನಾವು ಎಲ್ಲಿದ್ದೇವೆ ಅನ್ನುವ ಮಾತು ಬಂತಲ್ಲ, ತಲೆ ಎಣಿಸುವುದನ್ನು ಬಹಳ ಗಂಭೀರವಾಗಿ ನೋಡು. 1998ರ ಜನವರಿ 25ರಂದು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ ಇಬ್ಬರು ಅನುಭವಿ ಡೈವರುಗಳನ್ನು, ಗಂಡ ಹೆಂಡತಿಯನ್ನು, ಸಮುದ್ರದಲ್ಲೇ ಬಿಟ್ಟು ದೋಣಿ ದಡಕ್ಕೆ ಮರಳಿತು. ಎಣಿಕೆ ತಪ್ಪಿತ್ತು. ಅವರ ಚೀಲ ದೋಣಿಯಲ್ಲೇ ಉಳಿದಿರುವುದು ಗಮನಕ್ಕೆ ಬಂದು ಹುಡುಕಾಟ ಶುರುವಾಗುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಅವರು ಸಿಗಲೇ ಇಲ್ಲ. ಅವರ ಅನುಭವ ಅಲ್ಲಿ ಯಾವ ಉಪಯೋಗಕ್ಕೆ ಬಂತು ಹೇಳು? ಆದ್ದರಿಂದ ಬೆರಳು ತೋರಿಸುತ್ತಾ ಎಂಟು, ಒಂಬತ್ತು, ಹತ್ತು ಎಂದು ಎಣಿಸುವವರನ್ನು ನಂಬಬೇಡ. ಹೆಸರು ಹಿಡಿದು ಕೂಗಬೇಕು, ಆಯಾ ವ್ಯಕ್ತಿಯೇ ಓಗೊಡಬೇಕು. “ಅವಳು ಇಲ್ಲೇ ಎಲ್ಲೋ ಇದ್ದಾಳೆ” ಎಂದು ಪಕ್ಕದವರು ಹೇಳಿದ್ದನ್ನು ಒಪ್ಪಿಕೊಂಡು ಇಂಜಿನ್ ಹೊತ್ತಿಸುವ ದೋಣಿಯನ್ನು ಅಂದೇ ಬಿಡು. ಎಲ್ಲರೂ ನೀರಿನಲ್ಲಿರುವಾಗ ದೋಣಿ ನಡೆಸಬಲ್ಲ ಒಬ್ಬರು ಮೇಲೆ ಇರುತ್ತಾರಾ, ಅವರ ಹತ್ತಿರ ರೇಡಿಯೋ ಇದೆಯಾ, ಯಾರಾದರೂ ಕಾಣದಾದರೆ ಮೊದಲು ಏನು ಮಾಡುತ್ತಾರೆ ಅಂತ ಕೇಳು. ತಯಾರಿ ಇರುವವರು ತಡವರಿಸದೆ ಹೇಳುತ್ತಾರೆ.

ಆಮೇಲೆ ದೋಣಿಯಲ್ಲಿ ತುರ್ತಿಗೆ ಇಡುವ ಆಮ್ಲಜನಕ. “ಇದೆ” ಅನ್ನುವ ಉತ್ತರ ಸಾಲದು, ತೋರಿಸಿ ಅನ್ನು. ಪೆಟ್ಟಿಗೆ ತೆರೆದಾಗ ಸಿಲಿಂಡರಿನ ಗೇಜು ತುಂಬಿರುವುದು ಕಾಣಬೇಕು, ಮಾಸ್ಕು ಅಂಟಂಟಾಗಿರಬಾರದು, ಜೋಡಿಸುವುದು ಹೇಗೆಂದು ದೋಣಿಯಲ್ಲಿ ಕನಿಷ್ಠ ಇಬ್ಬರಿಗೆ ಗೊತ್ತಿರಬೇಕು. ಒಂದು ಲೆಕ್ಕ ಹಾಕು. ಎರಡು ಲೀಟರಿನ ಸಿಲಿಂಡರ್ 200 ಬಾರ್ ತುಂಬಿದ್ದರೆ 400 ಲೀಟರ್. ನಿಮಿಷಕ್ಕೆ 15 ಲೀಟರಿನಂತೆ ಹರಿಸಿದರೆ ಇಪ್ಪತ್ತಾರು ನಿಮಿಷಕ್ಕೆ ಖಾಲಿ. ಡೈವ್ ಜಾಗದಿಂದ ದಡಕ್ಕೆ ಒಂದೂವರೆ ಗಂಟೆ ಇದ್ದರೆ ಆ ಪೆಟ್ಟಿಗೆ ಯಾವ ಮೂಲೆಗೆ ಸಾಕು? ಆಳದಿಂದ ಮೇಲೇರಿದಾಗ ಮೈಯೊಳಗೆ ಗಾಳಿಯ ಗುಳ್ಳೆಗಳು ಏಳುವ ಡಿಕಂಪ್ರೆಷನ್ ಕಾಯಿಲೆಗೆ ಮೊದಲ ಚಿಕಿತ್ಸೆಯೇ ಶುದ್ಧ ಆಮ್ಲಜನಕ, ಅದಾದ ಮೇಲೆ ಒತ್ತಡ ಏರಿಸಿ ಚಿಕಿತ್ಸೆ ಕೊಡುವ ಕೋಣೆ. ಹತ್ತಿರದ ಕೋಣೆ ಎಲ್ಲಿದೆ, ಅದು ಈಗ ನಡೆಯುತ್ತಿದೆಯಾ, ಅಲ್ಲಿಗೆ ಹೇಗೆ ಕರೆದೊಯ್ಯುತ್ತಾರೆ ಎಂದೂ ಕೇಳು.

ನಾವು ಉಸಿರಾಡುವ ಗಾಳಿಯ ವಿಷಯದಲ್ಲಿ ಸಂಕೋಚ ಬೇಡವೇ ಬೇಡ. ಸಿಲಿಂಡರಿಗೆ ಗಾಳಿ ತುಂಬುವ ಕಂಪ್ರೆಸರ್ ಕೋಣೆ ನೋಡಬಹುದಾ ಎಂದು ಕೇಳಿದರೆ ಹೆಮ್ಮೆಯಿಂದ ಕರೆದೊಯ್ಯುವವರೂ ಇದ್ದಾರೆ, ಬಾಗಿಲಿಗೆ ಅಡ್ಡ ನಿಲ್ಲುವವರೂ ಇದ್ದಾರೆ. ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿ ಎಲ್ಲಿದೆ ನೋಡು. ಇಂಜಿನ್ನಿನ ಹೊಗೆ ಆ ಕಡೆ ತೇಲಿದರೆ ಕಾರ್ಬನ್ ಮೊನಾಕ್ಸೈಡ್ ಸಿಲಿಂಡರಿಗೆ ಸೇರುತ್ತದೆ. ಅದಕ್ಕೆ ವಾಸನೆ ಇಲ್ಲ, ರುಚಿ ಇಲ್ಲ. ಮೇಲೆ ದಶಲಕ್ಷಕ್ಕೆ 10 ಭಾಗ ಇದ್ದದ್ದು 30 ಮೀಟರಿನಲ್ಲಿ 40 ಭಾಗ ಇದ್ದ ಹಾಗೆ ಮೈಮೇಲೆ ಬರುತ್ತದೆ. ಫಿಲ್ಟರ್ ಬದಲಾಯಿಸಿದ ದಿನಾಂಕ, ಗಾಳಿ ಪರೀಕ್ಷಿಸಿದ ವರದಿ ಗೋಡೆಯ ಮೇಲೆ ಇದ್ದರೆ ಒಳ್ಳೆಯ ಲಕ್ಷಣ.

ನೈಟ್ರಾಕ್ಸ್, ಅಂದರೆ ಆಮ್ಲಜನಕದ ಪಾಲು ಹೆಚ್ಚಿಸಿದ ಗಾಳಿ ಆದರೆ, ಅದು ಶೇಕಡಾ ಎಷ್ಟಿದೆ ಎಂದು ನಿನ್ನ ಸಿಲಿಂಡರನ್ನು ನೀನೇ ಅಳೆಯಬೇಕು. “ಎಲ್ಲ 32ರದ್ದೇ, ನಾವು ನೋಡಿದ್ದೇವೆ” ಎಂದು ಹೇಳಿ ಅಳೆಯುವ ಅನಲೈಸರ್ ಕೊಡದವರ ಹತ್ತಿರ ನೈಟ್ರಾಕ್ಸ್ ತೆಗೆದುಕೊಳ್ಳಬೇಡ. 32 ಅಂದುಕೊಂಡು 33 ಮೀಟರಿಗೆ ಇಳಿದೆ, ಒಳಗೆ ನಿಜವಾಗಿ 36 ಇದೆ ಅಂದುಕೊ. ಆಮ್ಲಜನಕದ ಪಾಲಿನ ಒತ್ತಡ 1.4 ಬಾರ್ ಇರಬೇಕಾದ್ದು 1.55ಕ್ಕೆ ಹತ್ತಿರವಾಗುತ್ತದೆ. ಆಮ್ಲಜನಕ ಅತಿಯಾಗಿ ನೀರಿನೊಳಗೆ ಫಿಟ್ಸ್ ಬಂದರೆ ಉಸಿರಾಡುವ ರೆಗ್ಯುಲೇಟರ್ ಬಾಯಲ್ಲಿ ನಿಲ್ಲುವುದಿಲ್ಲ.

ಪ್ರವಾಸದ ಕೊನೆಯ ಎರಡು ರಾತ್ರಿ ದೋಣಿಯಲ್ಲೇ ಮಲಗುತ್ತೇವೆ ಎಂದು ಬರೆದಿದ್ದೀಯ. ಅದನ್ನು ಓದಿದಾಗಿನಿಂದ 2019ರ ಸೆಪ್ಟೆಂಬರ್ 2 ನೆನಪಾಗುತ್ತಿದೆ. ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ದ್ವೀಪದ ಬಳಿ ಡೈವ್ ದೋಣಿಯೊಂದಕ್ಕೆ ನಸುಕಿನಲ್ಲಿ ಬೆಂಕಿ ಬಿದ್ದು, ಕೆಳ ಅಂತಸ್ತಿನಲ್ಲಿ ಮಲಗಿದ್ದ 34 ಜನರೂ ಹೋದರು. ರಾತ್ರಿ ಎಚ್ಚರವಿದ್ದು ದೋಣಿ ಸುತ್ತಬೇಕಾದ ಕಾವಲು ಇರಲಿಲ್ಲ ಎಂದು ತನಿಖೆಯಲ್ಲಿ ಗೊತ್ತಾಯಿತು. ದೋಣಿ ಹತ್ತಿದ ಕೂಡಲೇ ರಾತ್ರಿ ಯಾರು ಎಚ್ಚರವಿರುತ್ತಾರೆ ಎಂದು ಕೇಳು. ಮಲಗುವ ಜಾಗದಿಂದ ಹೊರಬರುವ ಎರಡನೇ ದಾರಿಯಲ್ಲಿ ನೀನೇ ಒಮ್ಮೆ ಹತ್ತಿ ನೋಡು. ಕ್ಯಾಮೆರಾ, ಟಾರ್ಚುಗಳ ಬ್ಯಾಟರಿಯನ್ನು ಯಾರೂ ನೋಡದ ಹೊತ್ತಲ್ಲಿ ಚಾರ್ಜಿಗೆ ಹಾಕಿ ಮಲಗಬೇಡ, ಬೇರೆಯವರು ಹಾಕಿದ್ದರೂ ಸುಮ್ಮನಿರಬೇಡ.

ಕ್ಯಾಮೆರಾ ತೊಳೆಯುವ ಸಿಹಿನೀರಿನ ತೊಟ್ಟಿ, ರೆಗ್ಯುಲೇಟರನ್ನು ತಿರುಪಿನಿಂದ ಜೋಡಿಸುವ ಡಿನ್ ವಾಲ್ವ್, 15 ಲೀಟರ್ ಸಿಲಿಂಡರ್ ಇವೆಲ್ಲ ನಿನಗೆ ಬೇಕಾದರೆ ಮೊದಲೇ ಬರೆದು ಕೇಳು. ಹೇಳದೆ ಹೋಗಿ ಅಲ್ಲಿ ಸಿಗಲಿಲ್ಲ ಎಂದು ದೂರುವುದು ಸರಿಯಲ್ಲ. ನೀರು ಕಲಕಿತ್ತು, ಮೀನು ಕಾಣಲಿಲ್ಲ ಎಂದು ಆಪರೇಟರನ್ನು ಬೈಯುವುದೂ ತಪ್ಪು. ಅಲ್ಲದೆ ಕಾಣಿಸಿಯೇ ತೀರುತ್ತೇವೆ ಎಂದು ಮಾತು ಕೊಡುವವರು ಪ್ರಾಣಿಗಳನ್ನು ಬೆನ್ನಟ್ಟುತ್ತಾರೆ, ಹವಳ ತುಳಿಯುತ್ತಾರೆ. ಗೋಡೆಯ ಮೇಲಿನ ಡೈವಿಂಗ್ ತರಬೇತಿ ಸಂಸ್ಥೆಗಳ ಫಲಕಗಳಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಅವು ಯಾರ ಪಾಠಕ್ರಮ ಅನ್ನುವುದನ್ನು ಹೇಳುತ್ತವೆಯೇ ಹೊರತು ಇವತ್ತು ಬೆಳಗ್ಗೆ ಸಿಲಿಂಡರ್ ಪರೀಕ್ಷೆಯ ಮುದ್ರೆ ಯಾರು ನೋಡಿದರು ಅನ್ನುವುದನ್ನಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಮನಸ್ಸು ಡೋಲಾಯಮಾನವಾಗಿದ್ದರೆ ಒಂದು ಕೆಲಸ ಮಾಡು. ಬ್ರೀಫಿಂಗ್ ಮುಗಿದ ಮೇಲೆ, “ನಾನು ಇವತ್ತು ಇಳಿಯಲ್ಲ” ಎಂದು ಯಾರಾದರೂ ಹೇಳಿದರೆ ಗೈಡಿನ ಮುಖ ನೋಡು. ಯಾರೂ ಹೇಳದಿದ್ದರೆ, ನಿನಗೆ ನಿಜವಾಗಿ ಸರಿಯಿಲ್ಲ ಅನ್ನಿಸಿದ ದಿನ ನೀನೇ ಹೇಳು. ಕಾರಣ ಕೇಳದೆ “ಆಗಲಿ” ಅಂದರೆ ಅವರು ನಿನ್ನ ನಿರೀಕ್ಷೆಗೆ ತಕ್ಕವರು. “ಇಷ್ಟು ಡೈವ್ ಮಾಡಿ ಹೆದರುತ್ತೀರಾ” ಅಂದರೆ, ಮುಂಗಡ ಕೊಟ್ಟ ಹಣದ ಮುಖ ನೋಡಬೇಡ.

ಈಗ ಇವರಿಗೆ ಒಂದು ಪತ್ರ ಬರೆ. ನಿನ್ನ ಕೊನೆಯ ಡೈವ್ ಆಗಿ ಐದು ತಿಂಗಳಾಯಿತು ಎಂದು ಮುಚ್ಚಿಡದೆ ತಿಳಿಸು. ಆಮ್ಲಜನಕದ ಸಿಲಿಂಡರ್ ಎಷ್ಟು ಲೀಟರಿನದು, ರಾತ್ರಿ ಕಾವಲು ಯಾರು, ಚೆಕ್ ಡೈವ್ ಇದೆಯಾ, ಈ ಮೂರನ್ನು ಕೇಳು. ಅವರ ಉತ್ತರ ಬಂದ ದಿನವೇ ಅದನ್ನು ಹಾಗೇ ನನಗೆ ಕಳಿಸು. ಅದು ಕೈಗೆ ಬರುವ ತನಕ ಉಳಿದ ಹಣ ಕಟ್ಟಬೇಡಮ್ಮ.

ನಿನ್ನ ಪ್ರೀತಿಯ
ಮಾವ