ಸುದ್ದಿ ಮುಟ್ಟಿದೆ, ಪುಸ್ತಕ ಮುಟ್ಟಿಲ್ಲ

ಕೋಲಾರ

ಪ್ರೀತಿಯ ತಮ್ಮನಿಗೆ,

ನಿನ್ನ ಕಾಗದ ಬಂದು ನಾಲ್ಕು ದಿನ ಆಯಿತು. ವಾಟ್ಸಾಪ್‌ನಲ್ಲಿ ಎರಡು ಸಾಲು ಹಾಕಿ ಮುಗಿಸಬಹುದಿತ್ತು. ನೀನು ಮೂರು ಪುಟ ಕೈಯಲ್ಲೇ ಬರೆದಿದ್ದೀಯ. ಅದಕ್ಕೇ ನಾನೂ ಕೂತು ಬರೆಯುತ್ತಿದ್ದೇನೆ.

ಮೊದಲು ನಿನ್ನ ಕತೆಗಳ ಪುಸ್ತಕದ ಮಾತು. ಎರಡು ಸಲ ಓದಿದೆ. ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಬಿಚ್ಚಾಣಿಕೆ ಮನೆಯಲ್ಲಿ ಕುದಿಯುವ ನೀರಿಗೆ ಕೈಯಿಟ್ಟು ಎಳೆ ಹುಡುಕುವ ಆ ಹೆಂಗಸು, ರಾತ್ರಿ ಮಗನ ತಲೆ ನೇವರಿಸುವಾಗ ಬೆರಳಿಗೆ ಕೂದಲು ತಾಕಿದ್ದೇ ತಿಳಿಯುವುದಿಲ್ಲ ಅಂತ ಬರೆದಿದ್ದೀಯಲ್ಲ, ಅಲ್ಲಿ ಪುಸ್ತಕ ಮಡಚಿಟ್ಟು ಎದ್ದು ಹೋದೆ. ಇಂಥ ಪುಸ್ತಕ ಜನರ ಕೈ ಸೇರಲೇಬೇಕು. ಇಷ್ಟು ಉದ್ದ ಬರೆಯುತ್ತಿರುವುದು ಅದಕ್ಕೇ.

ನೀನು ಕೊಟ್ಟ ಲೆಕ್ಕ ನೋಡಿದೆ. 500 ಪ್ರತಿ ಹಾಕಿಸಿದ್ದೀಯ. ಎರಡು ತಿಂಗಳಾಯಿತು. ಫೇಸ್‌ಬುಕ್ಕಿನಲ್ಲಿ ಮುಖಪುಟ ಹಾಕಿದ ದಿನ 640 ಲೈಕು, ‘ಅಭಿನಂದನೆಗಳು’ ಅಂತ ಸಾಲುಸಾಲು ಜನ. ಮಾರಾಟ ಆಗಿದ್ದು 38. ‘ಎಲ್ಲಿ ತಪ್ಪಿದೆ ಸರ್?’ ಅಂತ ಕೇಳಿದ್ದೀಯ.

ನೀನು ತಪ್ಪಿಲ್ಲಪ್ಪ. ಸುದ್ದಿ ಮುಟ್ಟಿದೆ, ಪುಸ್ತಕ ಮುಟ್ಟಿಲ್ಲ, ಅಷ್ಟೇ. ಇವೆರಡೂ ಬೇರೆ ಬೇರೆ ಕೆಲಸ. ನಮ್ಮ ಕಾಲದಲ್ಲಿ ಸುದ್ದಿ ಮುಟ್ಟಿಸುವುದೇ ದೊಡ್ಡ ಕಷ್ಟವಾಗಿತ್ತು. ಪತ್ರಿಕೆಗೆ ಎರಡು ಪ್ರತಿ ಕಳಿಸಿ ತಿಂಗಳುಗಟ್ಟಲೆ ಕಾಯುತ್ತಿದ್ದೆವು. ಭಾನುವಾರದ ಪುರವಣಿ ಬಿಡಿಸಿದರೆ ಮೊದಲು ಕಣ್ಣು ಹೋಗುತ್ತಿದ್ದದ್ದು ‘ಸಾದರ ಸ್ವೀಕಾರ’ದ ಕಡೆಗೆ. ಅಲ್ಲಿ ಪುಸ್ತಕದ ಹೆಸರು, ಪುಟ, ಬೆಲೆ, ಸಿಗುವ ವಿಳಾಸ, ಎಲ್ಲಾ ಸೇರಿ ಮೂರು ಸಾಲು. ಆ ಮೂರು ಸಾಲಿಗೇ ನನ್ನ ಮೊದಲ ಪುಸ್ತಕಕ್ಕೆ 17 ಕಾರ್ಡು ಬಂದವು. ಆಮೇಲೆ ಅರ್ಧ ಕಾಲಂ ವಿಮರ್ಶೆ ಬಂತು. ಆ ತಿಂಗಳು ಅಂಚೆಯಣ್ಣ ನಮ್ಮ ಮನೆ ತಪ್ಪಿಸಲಿಲ್ಲ. ವಿಪಿಪಿ ಮಾಡಿ ಕಳಿಸುತ್ತಿದ್ದೆ. ಓದುವವರು ಅಂಚೆಯವನಿಗೆ ದುಡ್ಡು ಕೊಟ್ಟು ಪುಸ್ತಕ ಬಿಡಿಸಿಕೊಳ್ಳುತ್ತಿದ್ದರು.

ಆ ಮೂರು ಸಾಲಿನಲ್ಲಿ ಏನಿತ್ತು ನೋಡು. ಬೆಲೆ ಇತ್ತು, ಸಿಗುವ ವಿಳಾಸ ಇತ್ತು. ನಿನ್ನ ಪೋಸ್ಟನ್ನು ಹುಡುಕಿ ನೋಡಿದೆ. ಮುಖಪುಟ ಚೆನ್ನಾಗಿದೆ. ಅಮ್ಮನಿಗೆ ಕೃತಜ್ಞತೆ ಹೇಳಿದ್ದೀಯ, ಸಂತೋಷ. ಆದರೆ ಎಷ್ಟು ಪುಟ, ಎಷ್ಟು ಬೆಲೆ, ಯಾರಿಗೆ ದುಡ್ಡು ಹಾಕಬೇಕು, ಎಷ್ಟು ದಿನಕ್ಕೆ ಬರುತ್ತದೆ, ಒಂದೂ ಇಲ್ಲ. ‘ಬೇಕಾದವರು ಇನ್‌ಬಾಕ್ಸಿಗೆ ಬನ್ನಿ’ ಅಂದಿದ್ದೀಯ. ಇನ್‌ಬಾಕ್ಸಿಗೆ ಯಾರು ಬರುತ್ತಾರೆ ಹೇಳು? ಲೈಕು ಒತ್ತಿ ಮುಂದೆ ಹೋಗುತ್ತಾರೆ. ಅದು ಅವರ ತಪ್ಪಲ್ಲ. ನಾಳೆಯೇ ಆ ಪೋಸ್ಟು ಬದಲಾಯಿಸು. ಫೋನ್‌ಪೇ ಮಾಡಲು ಒಂದು ನಂಬರು, ಅಂಚೆ ವೆಚ್ಚ ಸೇರಿ ಒಟ್ಟು ಎಷ್ಟು ಅಂತ ಒಂದೇ ಅಂಕಿ. ಮನೆಯ ನಂಬರು ಕೊಡಬೇಡ, ಇದಕ್ಕೆಂದೇ ಒಂದು ಸಿಮ್ ಇಟ್ಟುಕೋ.

ಅಂಚೆಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ಪುಸ್ತಕಗಳಿಗೆ ಇದ್ದ ಹಳೆಯ ರಿಯಾಯಿತಿ ದರ ನಿಲ್ಲಿಸಿದಾಗ ನಮ್ಮಂಥ ಸಣ್ಣವರಿಗೆ ನಿಜಕ್ಕೂ ಹೊಡೆತ ಬಿತ್ತು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಅಂತ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, ಮೇಲೆ ತೆರಿಗೆ. 5 ಕಿಲೋವರೆಗೂ ಕಳಿಸಬಹುದು. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಬೇಕು, ಒಳಗೆ ವ್ಯಾಪಾರದ ಜಾಹೀರಾತು ಇರಬಾರದು. ನಿನ್ನ ಪುಸ್ತಕವನ್ನು ಎದುರುಮನೆ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಕವರು ಸೇರಿ 240 ಗ್ರಾಂ. ಮುಂದಿನ ಪುಸ್ತಕಕ್ಕೆ ಕಾಗದ ಆರಿಸುವಾಗ ಈ 300 ಗ್ರಾಂ ನೆನಪಿರಲಿ. ದಪ್ಪ ಕಾಗದ ಹಾಕಿಸಿ 310 ಮಾಡಿಕೊಂಡರೆ ಪ್ರತಿ ಸಲವೂ ಜಾಸ್ತಿ ಕೊಡಬೇಕಾಗುತ್ತದೆ.

ಈಗ ನೀನು ಸಂಕೋಚಪಟ್ಟು ಬರೆದ ಮಾತಿಗೆ ಬರುತ್ತೇನೆ. ‘ನನ್ನ ಪುಸ್ತಕವನ್ನು ನಾನೇ ಹೊತ್ತು ತಿರುಗುವುದು ನಾಚಿಕೆ ಅನಿಸುತ್ತದೆ’ ಅಂದಿದ್ದೀಯ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕ ತಾವೇ ಹೊತ್ತು ಊರೂರು ಸುತ್ತಿ ಮಾರಿದವರು. ಜಿ.ಪಿ. ರಾಜರತ್ನಂ ಅವರೂ ಹಾಗೆಯೇ ಹೊತ್ತರು. ಧಾರವಾಡದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾಗಿ ಬೆಳೆದದ್ದೇ ಚಂದಾದಾರರನ್ನು ನಂಬಿ. ನಮ್ಮ ಜಿಲ್ಲೆಯವರೇ ಆದ ಮಾಸ್ತಿಯವರು ‘ಜೀವನ’ ಪತ್ರಿಕೆಯನ್ನು ಇಪ್ಪತ್ತು ವರ್ಷ ನಡೆಸಿದರು. ಮುಳಬಾಗಿಲಿನ ಡಿವಿಜಿ ಕೂಡ ಪತ್ರಿಕೆ ನಡೆಸಿದವರೇ. ಬರೆದದ್ದನ್ನು ಓದುವವರ ಮನೆತನಕ ಮುಟ್ಟಿಸುವುದು ಬರೆಯುವವನ ಕೆಲಸವಲ್ಲ ಅಂತ ಇವರಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಹೊಗಳಿಕೊಳ್ಳುವುದು ಬೇರೆ, ತಿಳಿಸುವುದು ಬೇರೆ. ‘ಅದ್ಭುತ ಕೃತಿ’ ಅಂತ ನೀನೇ ಬರೆದುಕೊಂಡರೆ ನಾಚಿಕೆಪಡು. ‘ಶಿಡ್ಲಘಟ್ಟದ ನೂಲಿನ ಮನೆಗಳ ಹನ್ನೊಂದು ಕತೆ, ಬೆಲೆ 150’ ಅನ್ನುವುದರಲ್ಲಿ ನಾಚಿಕೆಪಡುವಂಥದ್ದು ಏನಿದೆ?

ನಿಮ್ಮೂರ ರೇಷ್ಮೆ ಗೂಡಿನ ಮಾರುಕಟ್ಟೆಗೆ ನಾನು ಒಂದು ಬೆಳಗ್ಗೆ ಹೋಗಿದ್ದೆ. ಈಗ ಇ-ಹರಾಜು. ಗೂಡು ಕೊಂಡು ನೂಲು ಬಿಚ್ಚಿಸುವ ರೀಲರುಗಳು ಮೊಬೈಲಿನಲ್ಲೇ ಬೆಲೆ ಒತ್ತುತ್ತಾರೆ. ಆದರೆ ಒತ್ತುವ ಮುಂಚೆ ಏನು ಮಾಡುತ್ತಾರೆ ಅಂತ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಲಾಟಿನ, ಅಂದರೆ ಹರಾಜಿಗಿಟ್ಟ ಗೂಡಿನ ರಾಶಿಯ, ಮುಂದೆ ಬಗ್ಗಿ ಒಂದು ಹಿಡಿ ಗೂಡು ಎತ್ತುತ್ತಾರೆ. ಹೆಬ್ಬೆರಳಿನಿಂದ ಅದುಮುತ್ತಾರೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಬ್ಬರಂತೂ ಒಂದು ಗೂಡು ಕತ್ತರಿಸಿ ಒಳಗಿನ ಹುಳು ಅಂಗೈಗೆ ಹಾಕಿಕೊಂಡು ನೋಡಿದರು. ಆಮೇಲೆಯೇ ಫೋನು ಜೇಬಿನಿಂದ ಹೊರಗೆ ಬಂತು.

ಓದುವವರಿಗೂ ಆ ಒಂದು ಹಿಡಿ ಬೇಕು. ಮುಖಪುಟದ ಫೋಟೊ ಅದಲ್ಲ. ಬಿಡುಗಡೆ ದಿನ ಗಣ್ಯರು ಸಾಲಾಗಿ ಪುಸ್ತಕ ಎತ್ತಿ ಹಿಡಿದ ಫೋಟೊ ಅಂತೂ ಅಲ್ಲವೇ ಅಲ್ಲ. ಒಂದು ನಿಮಿಷದ ರೀಲ್ ವಿಡಿಯೊ ಮಾಡು. ಸಂಗೀತ ಬೇಡ. ಆ ಹೆಂಗಸಿನ ಬೆರಳಿನ ಪ್ಯಾರಾ ನಿನ್ನ ದನಿಯಲ್ಲೇ ಓದು. ನಿಮ್ಮ ಮನೆಯ ಚರಕದ ಸದ್ದು ಹಿಂದೆ ಕೇಳಿಸಿದರೆ ಕೇಳಿಸಲಿ. ನಡುವೆ ಬರುವ ತೆಲುಗು ಮಾತನ್ನು ತೆಲುಗಿನಲ್ಲೇ ಬಿಡು. ವಾರಕ್ಕೆ ಒಂದು ಸಾಕು. ಒಂದು ಕತೆಯನ್ನು ಪೂರ್ತಿ ಯಾವುದಾದರೂ ಪತ್ರಿಕೆಗೋ ಜಾಲತಾಣಕ್ಕೋ ಕೊಟ್ಟುಬಿಡು, ಪುಕ್ಕಟೆ ಓದಲಿ. ಒಂದು ಕತೆ ಓದಿದವರೇ ಉಳಿದ ಹತ್ತು ಕೇಳಿಕೊಂಡು ಬರುತ್ತಾರೆ. ಆದರೆ ಇಡೀ ಪುಸ್ತಕದ ಪಿಡಿಎಫ್ ಯಾರಿಗೂ ಕಳಿಸಬೇಡ, ಎಷ್ಟೇ ಬೇಕಾದವರಾಗಲಿ. ನನ್ನ ಒಂದು ಕಾದಂಬರಿಯ ಪಿಡಿಎಫ್ ಹಾಗೆಯೇ ಕೈಜಾರಿ ನಾಲ್ಕಾರು ಗುಂಪುಗಳಲ್ಲಿ ತಿರುಗಿತು. ಕೊನೆಗೆ ಅದು ನನಗೇ ಬಂತು, ‘ಒಳ್ಳೆಯ ಪುಸ್ತಕ, ಓದಿ’ ಅಂತ. ಆ ರಾತ್ರಿ ನಿದ್ದೆ ಬರಲಿಲ್ಲ.

15,000 ಕೊಟ್ಟರೆ ಹತ್ತು ವಿಮರ್ಶೆ, ಐದು ರೀಲ್, ಒಂದು ಪ್ರಶಸ್ತಿ ಅಂತ ಯಾರೋ ಕರೆ ಮಾಡಿದ್ದರು ಅಂದೆಯಲ್ಲ. ಬೇಡ. ಖಂಡಿತ ಬೇಡ. 15,000 ಅಂದರೆ ನಿನ್ನ 100 ಪುಸ್ತಕದ ಪೂರ್ತಿ ಬೆಲೆ. ಅಂಗಡಿಯವರಿಗೆ ಕಮಿಷನ್ ಕಳೆದರೆ ಅಷ್ಟು ದುಡ್ಡು ಹುಟ್ಟಲು ಇನ್ನೂ ಜಾಸ್ತಿ ಪ್ರತಿ ಮಾರಬೇಕು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಓದದೆ ಬರೆದ ಹೊಗಳಿಕೆ ಓದುವವರಿಗೆ ಗೊತ್ತಾಗಿಬಿಡುತ್ತದೆ. ಒಂದು ಸಲ ನಂಬಿ ಕೊಂಡು ಮೋಸಹೋದವರು ಆಮೇಲೆ ಹೊಸಬರ ಪುಸ್ತಕ ಅಂದರೆ ಕೈಯೇ ಚಾಚುವುದಿಲ್ಲ. ‘ನಾನು ನಿನ್ನ ಬಗ್ಗೆ ಬರೆಯುತ್ತೇನೆ, ನೀನು ನನ್ನ ಬಗ್ಗೆ ಬರಿ’ ಅನ್ನುವ ಗೆಳೆಯರಿಗೂ ಇದೇ ಉತ್ತರ ಕೊಡು. ನಿಜವಾಗಿ ಓದಿದ ಒಬ್ಬ ಟೀಚರು ತನ್ನ ಸ್ಟೇಟಸ್ಸಿನಲ್ಲಿ ಎರಡು ಸಾಲು ಹಾಕಿದರೆ ಸಾಕು.

ಬಿಡುಗಡೆ ಸಮಾರಂಭದ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ನನ್ನ ಎರಡನೇ ಪುಸ್ತಕಕ್ಕೆ ಇಲ್ಲೇ ಕೋಲಾರದಲ್ಲಿ ದೊಡ್ಡ ಕಾರ್ಯಕ್ರಮ ಮಾಡಿದೆವು. ಆರು ಜನ ಅತಿಥಿಗಳು, ಆರು ಶಾಲು, ಆರು ಏಲಕ್ಕಿ ಹಾರ. ಸಭಾಂಗಣ ತುಂಬಿತ್ತು. ಭಾಷಣ ಮುಗಿಯುವಾಗ ಎರಡೂವರೆ. ಎಲ್ಲರಿಗೂ ಹಸಿವು, ನೇರ ಊಟಕ್ಕೆ ಹೋದರು. ಪುಸ್ತಕದ ಮೇಜು ಇದ್ದದ್ದು ವೇದಿಕೆಯ ಪಕ್ಕದ ಮೂಲೆಯಲ್ಲಿ. ಮಾರಾಟ ಆಗಿದ್ದು 9. ಗೌರವ ಪ್ರತಿ ಹೋಗಿದ್ದು 60. ಸಂಜೆ ಉಳಿದ ಕಟ್ಟುಗಳನ್ನು ಆಟೋಗೆ ಏರಿಸುವಾಗ ನನ್ನ ಹೆಂಡತಿ ಒಂದು ಮಾತೂ ಆಡಲಿಲ್ಲ. ಹಾರಗಳ ಬಿಲ್ಲು ಅವಳ ಕೈಯಲ್ಲಿತ್ತು. ಅದಾದ ಮೇಲೆ ಒಬ್ಬ ವಿತರಕರು 300 ಪ್ರತಿ ಸಾಲದ ಮೇಲೆ ತೆಗೆದುಕೊಂಡು ಹೋದರು. ದುಡ್ಡೂ ಬರಲಿಲ್ಲ, ಪುಸ್ತಕವೂ ಬರಲಿಲ್ಲ. ರಸೀದಿ ಬರೆಸಿಕೊಂಡಿರಲಿಲ್ಲ, ಕೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಅಂದಿನಿಂದ ಮೂರು ಕೆಲಸ ಬಿಟ್ಟಿಲ್ಲ. ಯಾರಿಗೆ ಕೊಟ್ಟರೂ ಎಣಿಸಿ, ಬರೆಸಿ, ಸಹಿ ಹಾಕಿಸಿಕೊಂಡು ಕೊಡುತ್ತೇನೆ. ಪುಸ್ತಕದ ಮೇಜು ಬಾಗಿಲ ಹತ್ತಿರ ಹಾಕಿಸುತ್ತೇನೆ, ಚಿಲ್ಲರೆ ಇಟ್ಟುಕೊಂಡ ಒಬ್ಬರನ್ನು ಅಲ್ಲಿ ಕೂರಿಸುತ್ತೇನೆ. ಇನ್ನು ಮೂರನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, 200 ಪುಟದ ಒಂದು ನೋಟ್‌ಬುಕ್ಕು. ದುಡ್ಡು ಕೊಟ್ಟು ಕೊಂಡ ಪ್ರತಿಯೊಬ್ಬರ ಹೆಸರು, ಊರು, ನಂಬರು ಅದರಲ್ಲಿದೆ. ಪಕ್ಕದಲ್ಲಿ ಒಂದೊಂದು ಮಾತು. ‘ಮಾಲೂರು, ಹೈಸ್ಕೂಲು ಮೇಷ್ಟ್ರು, ಮೂರನೇ ಕತೆ ಇಷ್ಟ.’ ‘ಬಂಗಾರಪೇಟೆ, ರೈಲಿನಲ್ಲಿ ಓದುತ್ತಾರೆ, ಅಕ್ಷರ ಸಣ್ಣದು ಅಂದರು.’ ಮುಂದಿನ ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಅವರಿಗೆ ತಿಳಿಸಿದೆ. ಅರ್ಧಕ್ಕಿಂತ ಹೆಚ್ಚು ಜನ ಮುಂಗಡ ಕೊಟ್ಟರು. ಅಕ್ಷರವನ್ನೂ ದೊಡ್ಡದು ಮಾಡಿಸಿದೆ. ಫೇಸ್‌ಬುಕ್ಕು ನಾಳೆ ತನ್ನ ರೀತಿ ಬದಲಾಯಿಸಿದರೆ ನಿನ್ನ ಪೋಸ್ಟು ಯಾರಿಗೂ ಕಾಣಿಸದೆ ಹೋಗಬಹುದು. ನೋಟ್‌ಬುಕ್ಕು ನಿನ್ನ ಹತ್ತಿರವೇ ಇರುತ್ತದೆ. ನಿನ್ನ ಆ 38 ಜನರ ಹೆಸರು ಇವತ್ತೇ ಬರಿ. ‘ಬರೀ 38’ ಅಂತ ನೀನು ಬರೆದದ್ದು ನನಗೆ ಬೇಜಾರಾಯಿತು. ಅವರು ದುಡ್ಡು ಕೊಟ್ಟು ನಿನ್ನ ಮಾತು ಕೇಳಿದವರು ಕಣಪ್ಪ. ಒಬ್ಬೊಬ್ಬರಿಗೂ ಫೋನು ಮಾಡಿ ಮಾತಾಡು.

ಇನ್ನೊಂದು ವಿಷಯ, ಇದು ನಮ್ಮ ಕಡೆಯದೇ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು, ಓದುವುದು ಕನ್ನಡ. ನಿಮ್ಮೂರ ನೂಲಿನ ಮನೆಗಳಲ್ಲಿ ಉರ್ದುವೂ ಇದೆ. ಇವರೆಲ್ಲ ‘ಸಾಹಿತ್ಯ’ ಅಂದರೆ ಹಿಂದೆ ಸರಿಯುತ್ತಾರೆ. ಅದು ಬೆಂಗಳೂರು, ಮೈಸೂರಿನವರದ್ದು ಅನ್ನುವ ಭಾವನೆ. ನಿನ್ನ ಕತೆಯಲ್ಲಿ ಇರುವುದು ಇವರೇ. ಇವರ ಹತ್ತಿರ ಯಾಕೆ ಹೋಗಿಲ್ಲ ನೀನು? ಹತ್ತಿರದ ಯಾವುದಾದರೂ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಅದೇ ಅರಿವು ಕೇಂದ್ರದಲ್ಲಿ, ಒಂದು ಸಂಜೆ ಕೇಳಿಕೋ. ಮೈಕು ಬೇಡ, ಶಾಲು ಬೇಡ. ಮೊದಲು ತೆಲುಗಿನಲ್ಲಿ ನಾಲ್ಕು ಮಾತಾಡು, ಆಮೇಲೆ ಕನ್ನಡದಲ್ಲಿ ಕತೆ ಓದು. ನೂಲು ಬಿಚ್ಚುವ ಅಕ್ಕಂದಿರು ಕೆಲಸ ಮುಗಿಸಿ ಬರುವ ಹೊತ್ತು ಇಟ್ಟುಕೋ. ಪುಸ್ತಕ ಕೊಳ್ಳಲು ಆಗದಿದ್ದರೂ ಕೇಳಲಿ. ಗೌರವ ಪ್ರತಿ ಕೊಡುವುದಾದರೆ ಅಲ್ಲಿ ಕೊಡು. ವೇದಿಕೆಯ ಮೇಲಿನವರು ಕೊಂಡು ಓದಲಿ.

ಗ್ರಂಥಾಲಯದ ಸಗಟು ಖರೀದಿಗೆ ಅರ್ಜಿ ಹಾಕು, ಆದರೆ ಅದನ್ನೇ ನಂಬಿ ಕೂರಬೇಡ. ತಾಲ್ಲೂಕು ಸಮ್ಮೇಳನದಲ್ಲಿ ಮಳಿಗೆ ಸಿಕ್ಕರೆ ಬಿಡಬೇಡ. ಶಾಲೆಗಳಲ್ಲಿ ಬಹುಮಾನಕ್ಕೆ ಲೋಟ, ಟ್ರೋಫಿ ಕೊಡುವ ಬದಲು ಪುಸ್ತಕ ಕೊಡಿ ಅಂತ ನಾನು ಮೇಷ್ಟ್ರಾಗಿದ್ದಾಗ ಹೇಳಿ ಹೇಳಿ ಎರಡು ಶಾಲೆ ಒಪ್ಪಿದ್ದವು. ನೀನೂ ಕೇಳಿ ನೋಡು. ಮುಂದಿನ ಸಲ ಒಟ್ಟಿಗೆ 500 ಹಾಕಿಸಬೇಡ. ಈಗ 50, 100 ಪ್ರತಿಯೂ ಅಚ್ಚು ಹಾಕಿಸಬಹುದು. ಒಂದೊಂದು ಪ್ರತಿಗೆ ಸ್ವಲ್ಪ ಜಾಸ್ತಿ ಬೀಳುತ್ತದೆ, ಆದರೆ ಮನೆಯಲ್ಲಿ ಕಟ್ಟು ಕೂರುವುದಿಲ್ಲ, ಅಪ್ಪನ ಹತ್ತಿರ ಸಾಲ ಮಾಡಬೇಕಾಗುವುದಿಲ್ಲ.

ಇಷ್ಟಕ್ಕೆ ದಿನಕ್ಕೆ ಅರ್ಧ ಗಂಟೆ ಇಡು, ಅದೂ ಸಂಜೆ. ಬೆಳಗಿನ ಹೊತ್ತು ಬರೆಯುವುದಕ್ಕೆ ಇರಲಿ. ಲೈಕು ಎಣಿಸುತ್ತಾ ನಾನೂ ಒಂದು ವರ್ಷ ಹಾಳು ಮಾಡಿಕೊಂಡಿದ್ದೇನೆ. ಆ ವರ್ಷ ಒಂದು ಕತೆಯೂ ಆಗಲಿಲ್ಲ.

ಬರುವ ಹುಣ್ಣಿಮೆಗೆ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರಕ್ಕೆ ಹೊರಟಿದ್ದೇನೆ, ‘ಹುಣ್ಣಿಮೆ ಹಾಡು’ ಕಾರ್ಯಕ್ರಮ ಕೇಳಲು. ನೀನೂ ಬಾ. ಚಿಂತಾಮಣಿ ಮೇಲೆ ಬಸ್ಸು ಹಿಡಿದರೆ ಮಧ್ಯಾಹ್ನಕ್ಕೆ ಕೋಲಾರ. ಮನೆಗೆ ಬಂದು ಊಟ ಮಾಡು, ಸಂಜೆ ಒಟ್ಟಿಗೆ ಬೆಟ್ಟ ಹತ್ತೋಣ. ಚೀಲದಲ್ಲಿ 20 ಪ್ರತಿ ಇರಲಿ, ಹತ್ತು ರೂಪಾಯಿ, ಐವತ್ತು ರೂಪಾಯಿ ಚಿಲ್ಲರೆಯೂ ಇರಲಿ. ಅದಕ್ಕೂ ಮುಂಚೆ ನನಗೆ ಐದು ಪ್ರತಿ ಕಳಿಸು. ದುಡ್ಡು ಈಗಲೇ ಹಾಕಿದ್ದೇನೆ, ಅಂಚೆ ವೆಚ್ಚ ಸೇರಿಸಿ. ಮಾಲೂರಿನ ಆ ಮೇಷ್ಟ್ರಿಗೆ ಒಂದು ಅಂತ ಆಗಲೇ ಹೇಳಿಬಿಟ್ಟಿದ್ದೇನೆ, ಅವರು ಕಾಯುತ್ತಿದ್ದಾರೆ.

ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ
ಮೇಷ್ಟ್ರು