ಪಕ್ಷಾಂತರಕ್ಕೆ ಮೊದಲು ತಕ್ಕಡಿ

ಮಾನ್ಯ ಸಂಪಾದಕರೇ,

ಸರಳ ಸಮೀಕರಣದ ಪಾಠ ಶುರುವಾದ ವಾರದೊಳಗೆ ‘ಆ ಕಡೆ ಹೋದರೆ ಚಿಹ್ನೆ ಬದಲು’ ಎಂಬ ಮಾತು ಮಕ್ಕಳಿಗೆ ಮಗ್ಗಿಯಂತೆ ಬಾಯಿಗೆ ಬಂದುಬಿಡುತ್ತದೆ. ಸಮೀಕರಣದ ಒಂದು ಬದಿ ಎಂದರೆ ‘ಪಕ್ಷ’; ಹೀಗೆ ಬದಿ ಬದಲಿಸುವುದಕ್ಕೆ ಪಕ್ಷಾಂತರ ಎನ್ನುತ್ತೇವೆ. ಆ ಪದಕ್ಕೆ ನಮ್ಮ ರಾಜ್ಯದಲ್ಲಿ ಯಾರಿಗೂ ಅರ್ಥ ಹೇಳಬೇಕಾಗಿಲ್ಲ, ನಿಜ. ಆದರೆ ಗಣಿತದ ಪಕ್ಷಾಂತರದಲ್ಲಿ ಯಾವ ಸಂಖ್ಯೆಯೂ ಎಲ್ಲಿಗೂ ಜಿಗಿಯುವುದಿಲ್ಲ. ಸಮೀಕರಣ ಸಮತೂಕದ ತಕ್ಕಡಿಯಿದ್ದಂತೆ; ಅದು ವಾಲದಂತೆ ಎಡಭಾಗಕ್ಕೂ ಬಲಭಾಗಕ್ಕೂ ಒಂದೇ ಕ್ರಿಯೆ ಮಾಡಿರುತ್ತೇವೆ, ಅಷ್ಟೇ. ಅದನ್ನು ಮುಚ್ಚಿಟ್ಟು ಮಂತ್ರ ಮಾತ್ರ ಕೊಟ್ಟರೆ ಆಗುವ ಅನಾಹುತ ನೋಡಿ.

3ಯ − 7 = 11 ಎಂದುಕೊಳ್ಳೋಣ. (ಪಠ್ಯದ ಎಕ್ಸ್ ಬದಲು ‘ಯ’ ಬಳಸಿದ್ದೇನೆ. 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯರು ಅವ್ಯಕ್ತ ರಾಶಿಯನ್ನು, ಅಂದರೆ ಬೆಲೆ ಗೊತ್ತಿಲ್ಲದ ಸಂಖ್ಯೆಯನ್ನು, ‘ಯಾವತ್ತಾವತ್’ ಎಂದು ಕರೆದು ‘ಯಾ’ ಎಂದು ಬರೆದರು.) ಎರಡೂ ಕಡೆ 7 ಕೂಡಿಸಿದರೆ 3ಯ = 18. ಇಲ್ಲಿಯವರೆಗೆ ಮಂತ್ರವೂ ಕೆಲಸ ಮಾಡುತ್ತದೆ. ಎಡವುವುದು ಮುಂದಿನ ಸಾಲಿನಲ್ಲಿ. ಒಬ್ಬ ವಿದ್ಯಾರ್ಥಿ 18 − 3 ಮಾಡಿ 15 ಎನ್ನುತ್ತಾನೆ; ಇನ್ನೊಬ್ಬಳು 18ನ್ನು −3ರಿಂದ ಭಾಗಿಸಿ −6 ಎನ್ನುತ್ತಾಳೆ. ಇಬ್ಬರೂ ಹೇಳಿಕೊಟ್ಟ ನಿಯಮವನ್ನು ನಿಷ್ಠೆಯಿಂದಲೇ ಪಾಲಿಸಿದ್ದಾರೆ! 3 ಇಲ್ಲಿ ಗುಣಕ, ಹಾಗಾಗಿ ಎರಡೂ ಬದಿಯನ್ನು 3ರಿಂದ ಭಾಗಿಸಬೇಕು, ಯ = 6 ಎಂಬುದು ತಕ್ಕಡಿ ಕಂಡ ಮಗುವಿಗೆ ತಾನೇ ಹೊಳೆಯುತ್ತದೆ.

ಭಿನ್ನರಾಶಿ ಬಂದಾಗ ಪೆಟ್ಟು ಇನ್ನೂ ಜೋರು. ಯ/2 − (ಯ − 1)/3 = 2 ಎಂಬ ಲೆಕ್ಕದಲ್ಲಿ ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯ (ಲ.ಸಾ.ಅ.) 6. ಪ್ರತಿಯೊಂದು ಪದವನ್ನೂ 6ರಿಂದ ಗುಣಿಸಿದರೆ 3ಯ − 2(ಯ − 1) = 12. ಆವರಣ ಬಿಡಿಸಿದರೆ 3ಯ − 2ಯ + 2 = 12, ಅಲ್ಲಿಂದ ಯ = 10. ಇಲ್ಲಿ ಎರಡು ಗುಂಡಿಗಳಿವೆ. ಬಲಭಾಗದ ಒಂಟಿ 2ಕ್ಕೆ ಛೇದ ಕಾಣದ ಕಾರಣ ಅದನ್ನು ಗುಣಿಸದೆ ಬಿಟ್ಟರೆ ಉತ್ತರ 0. ಆವರಣದ ಮುಂದಿನ ಋಣ ಚಿಹ್ನೆಯನ್ನು ಮೊದಲ ಪದಕ್ಕೆ ಮಾತ್ರ ಕೊಟ್ಟು −2ಯ − 2 ಎಂದು ಬರೆದರೆ ಉತ್ತರ 14. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಭಿನ್ನರಾಶಿಯನ್ನು ಇಲ್ಲಿನಂತೆ ಒಂದೇ ಸಾಲಿನಲ್ಲಿ ಬರೆಯದೆ ಗೆರೆಯ ಮೇಲೆ, ಕೆಳಗೆ ಬರೆದಾಗ ಆವರಣವೇ ಇರುವುದಿಲ್ಲ. ಭಿನ್ನರಾಶಿಯ ಗೆರೆಯೇ ಆವರಣದ ಕೆಲಸ ಮಾಡುತ್ತಿರುತ್ತದೆ. ಗೆರೆ ಅಳಿಸುವ ಮೊದಲೇ ಅಂಶಕ್ಕೆ ಆವರಣ ಹಾಕಿಸುವುದೊಂದೇ ಮದ್ದು.

ರೋಗದ ಬೇರು ಪ್ರಾಥಮಿಕ ತರಗತಿಯಲ್ಲಿದೆ. ಅಲ್ಲಿ ಸಮ ಚಿಹ್ನೆಯೆಂದರೆ ‘ಉತ್ತರ ಬರೆ’ ಎಂಬ ಅಪ್ಪಣೆ. 8 + 4 = □ + 5 ಕೊಟ್ಟು ನೋಡಿ, ಹಲವರು ಚೌಕದಲ್ಲಿ 7ರ ಬದಲು 12 ತುಂಬುತ್ತಾರೆ. ಅಂಥವರೇ ಮುಂದೆ ‘3ಯ = 18 = 6’ ಎಂದು ರೈಲುಬಂಡಿ ಕಟ್ಟುವುದು.

ಪಕ್ಷ ಎಂಬ ಮಾತು ಭಾಸ್ಕರರಲ್ಲೂ ಇದೆ. ಒಂದು ಪಕ್ಷದ ಅವ್ಯಕ್ತವನ್ನು ಇನ್ನೊಂದು ಪಕ್ಷದಿಂದ ‘ಕಳೆ’ ಎನ್ನುತ್ತಾರೆಯೇ ಹೊರತು ದಾಟಿಸು ಎನ್ನುವುದಿಲ್ಲ. ನಾವೂ ಮೊದಲ ಹದಿನೈದು ದಿನ ಹಾಗೆಯೇ ಮಾಡಿಸಬಹುದು: ಪ್ರತಿ ಸಾಲಿನ ಕೆಳಗೆ, ಎರಡೂ ಬದಿಯಲ್ಲಿ, +7 ಅಥವಾ ÷3 ಎಂದು ಬರೆಯಲಿ. ಕೈ ಪಳಗಿದ ಮೇಲೆ ಅಡ್ಡದಾರಿ ಹಿಡಿದರೆ ತಕರಾರಿಲ್ಲ.

ಜೊತೆಗೆ ತಾಳೆ ನೋಡುವ ಸಾಲನ್ನು ಕಡ್ಡಾಯ ಮಾಡಿ, ಅದಕ್ಕೂ ಅರ್ಧ ಅಂಕ ಇಡಬೇಕು. ಯ = 10 ಹಾಕಿದರೆ 5 − 3 = 2, ಸರಿ. 14 ಹಾಕಿದರೆ 7 − 13/3, ಅಂದರೆ 8/3; ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ತಾಳೆಯನ್ನು ಮೂಲ ಸಮೀಕರಣದಲ್ಲೇ ನೋಡಬೇಕು. ನಡುವಿನ ಸಾಲಿನಲ್ಲಿ ನೋಡಿದರೆ ಅದಕ್ಕಿಂತ ಮೊದಲು ನುಸುಳಿದ ತಪ್ಪು ಕಾಣಿಸುವುದೇ ಇಲ್ಲ.

– ಗಣಿತ ಶಿಕ್ಷಕ, ಧಾರವಾಡ